ಕುಣಿಯಿಂದ ಮೇಲೆ ಬಂದ ಅಪ್ಪ

ಹೋದ ವಾರ ಗುಳೇದಗುಡ್ಡದಲ್ಲಿ ಸಂಬಂಧಿಕರ ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಬುಂದೆ ಲಾಡು ಮುರಿಯುತ್ತ, "ಟಿವಿ ಬಂತು ನೋಡ್ರಿ, ಅವತ್ತಿಂದ ಮನ್ಯಾಗಿನ ಮಾತು ಸತ್ತು ಹೋತು" ಅಂದರು. ಅಕ್ಕಪಕ್ಕದವರೆಲ್ಲ ಹೌದ್ಹೌದು ಅಂದರು. ನಾನೂ ಗೋಣು ಅಲ್ಲಾಡಿಸಿದೆ. ಊಟದ ಹೊತ್ತಿನಲ್ಲಿ ಹಿರಿಯರಿಗೆ ಎದುರಾಡುವುದು ಸರಿಯಲ್ಲ. ಆದರೆ ಬಾಗಲಕೋಟೆಗೆ ವಾಪಸು ಬರುವಾಗ ಬಸ್ಸಿನ ತುಂಬ ಅದೇ ಮಾತು ತಲೆಯಲ್ಲಿ. ಬೇರೆಯವರ ಮನೆಯದು ಏನೋ, ನಮ್ಮ ಮನೆಯ ಮಟ್ಟಿಗೆ ಅದು ಸುಳ್ಳು. ಟಿವಿ ಬಂದ ಮೇಲೆಯೇ ನಾನು ನಮ್ಮ ಅಪ್ಪನ ಕಾಲು ಸರಿಯಾಗಿ ನೋಡಿದ್ದು.

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಈ ಮಾತು ತಟ್ಟನೆ ತಿಳಿದೀತು. ಉಳಿದವರಿಗೆ ಒಂದಿಷ್ಟು ಬಿಡಿಸಿ ಹೇಳಬೇಕು.

ನಮ್ಮದು ಖಣ ನೇಯುವ ಮನೆ. ಇಳಕಲ್ ಸೀರೆಯ ಮೇಲೆ ತೊಡುವ ಕುಪ್ಪಸದ ಖಣ. ಎರಡೂ ಬದಿಗೆ ದಡಿ, ನಡುವೆ ಮೈತುಂಬ ಸಣ್ಣ ಸಣ್ಣ ತೇರು. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಪಡಸಾಲೆಯಲ್ಲೇ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟು ತುಳಿಯಬೇಕು. ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಕೈ ಬಡಿಯುತ್ತದೆ. ಕಣ್ಣು ಮಾತ್ರ ಎಳೆಯ ಮೇಲೆ. ನಸುಕಿನಲ್ಲಿ ಇಳಿದ ಅಪ್ಪ ಊಟಕ್ಕೆ ಏಳುತ್ತಿದ್ದ, ಮತ್ತೆ ಇಳಿಯುತ್ತಿದ್ದ. ನಾವು ಸಾಲಿಗೆ ಹೋಗುವಾಗ ಅಪ್ಪ ಸೊಂಟದವರೆಗೆ ನೆಲದೊಳಗೆ. ಸಾಲಿ ಬಿಟ್ಟು ಬಂದಾಗಲೂ ಸೊಂಟದವರೆಗೆ ನೆಲದೊಳಗೆ. ಮಾತಾಡುತ್ತಿದ್ದ, ಪ್ರೀತಿಯಿಂದಲೇ ಮಾತಾಡುತ್ತಿದ್ದ, ಆದರೆ ಎಳೆಯ ಮೇಲಿನ ಕಣ್ಣು ತೆಗೆಯದೆ. ನಾನು ಪಕ್ಕದಲ್ಲಿ ರಾಟಿ ಇಟ್ಟುಕೊಂಡು, ಲಾಳಿಯೊಳಗೆ ಇಡುವ ನೂಲಿನ ಕಂಡಕಿ ಸುತ್ತುತ್ತ ಅಪ್ಪನ ಕಿವಿಯ ಜೊತೆ ಮಾತಾಡುತ್ತಿದ್ದೆ ಅನ್ನಬೇಕು. ಮಜೂರಿ ಲೆಕ್ಕ ಖಣದ ಮೇಲೆ. ಮಗ್ಗ ನಿಂತರೆ ಆ ದಿನದ ಜೋಳ ನಿಂತ ಹಾಗೆ.

ರೇಡಿಯೊ ಇತ್ತು. ಗೋಡೆಯ ಮಾಡದಲ್ಲಿ ಕೂತು ಮುಂಜಾನೆಯಿಂದ ಧಾರವಾಡ ಆಕಾಶವಾಣಿ ಹಾಡುತ್ತಿತ್ತು. 1950ರಲ್ಲಿ ಶುರುವಾದ ಆ ಕೇಂದ್ರ ನಮ್ಮ ಕಡೆಯ ನೇಕಾರರಿಗೆ ಎಷ್ಟು ಸಂಗಾತ ಕೊಟ್ಟಿದೆ ಅಂತ ಯಾರಾದರೂ ಕೂತು ಬರೆಯಬೇಕು. ರೇಡಿಯೊ ಕಣ್ಣು ಕೇಳುವುದಿಲ್ಲ, ಕೈ ಕೇಳುವುದಿಲ್ಲ. ಮಗ್ಗದ ಖಟ್‌ಪಟ್ ಮೇಲೆಯೇ ವಾರ್ತೆ, ರೈತರ ಕಾರ್ಯಕ್ರಮ, ಭಾವಗೀತೆ ಎಲ್ಲ ಹಾದು ಹೋಗುತ್ತಿದ್ದವು. ಒಬ್ಬರಿಗೆ ಮಾತ್ರ ಆ ಮಗ್ಗ ನಿಲ್ಲಿಸುವ ಶಕ್ತಿ ಇತ್ತು. ಮಲ್ಲಿಕಾರ್ಜುನ ಮನಸೂರರು ವಚನ ಹಾಡಲು ಶುರು ಮಾಡಿದರೆ ಅಪ್ಪನ ಕೈ ತಾನಾಗಿ ನಿಲ್ಲುತ್ತಿತ್ತು. ಮಗ್ಗದ ಸಪ್ಪಳ ನಿಂತದ್ದೇ ತಡ, ಅಡುಗೆಮನೆಯಿಂದ ಅವ್ವನ ದನಿ:

"ಎಳಿ ಹರೀತೇನ್ರಿ?"

"ಇಲ್ಲ. ಮನಸೂರ ಬಂದಾರ."

ಮನೆಗೆ ಬೀಗರು ಬಂದಷ್ಟೇ ಸಹಜವಾಗಿ ಅಪ್ಪ ಹೇಳುತ್ತಿದ್ದ ಮಾತದು. ಆಮೇಲೆ ಅವ್ವನ ರೊಟ್ಟಿ ಬಡಿಯುವ ಸಪ್ಪಳವೂ ನಿಲ್ಲುತ್ತಿತ್ತು. ಹಾಡು ಮುಗಿಯುವ ತನಕ ನಾನು ರಾಟಿ ತಿರುಗಿಸುತ್ತಿರಲಿಲ್ಲ. ಸಂಗೀತ ಅಂದರೆ ಏನು ಅಂತ ನನಗೆ ಯಾರೂ ಕಲಿಸಲಿಲ್ಲ. ಯಾವುದರ ಮುಂದೆ ಕೆಲಸ ನಿಲ್ಲಿಸಬೇಕೋ ಅದು ಸಂಗೀತ ಅಂತ ನನ್ನಷ್ಟಕ್ಕೆ ನಾನು ತಿಳಿದುಕೊಂಡಿದ್ದೆ. ಈಗಲೂ ಅದನ್ನು ಬದಲಿಸಿಕೊಂಡಿಲ್ಲ.

1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಯಿತು. ನಮ್ಮ ಓಣಿಗೆಲ್ಲ ಒಂದೇ ಟಿವಿ, ಸಾವಕಾರರ ಮನೆಯಲ್ಲಿ. ನೂಲು ಕೊಟ್ಟು ಖಣ ತಗೊಳ್ಳುವ ಸಾವಕಾರರು. ಅವರು ಒಳ್ಳೆಯವರೇ, ಯಾರಿಗೂ ಬರಬೇಡಿ ಅಂದವರಲ್ಲ. ರವಿವಾರ ಮುಂಜಾನೆ ಅವರ ಪಡಸಾಲೆ ತುಂಬಿ ಕಟ್ಟೆಯ ತನಕ ಜನ. ಅಪ್ಪನ ತಾಯಿ, ನಮ್ಮ ಆಯಿ, ಮಡಿ ಸೀರೆ ಉಟ್ಟು ಕೈಯಲ್ಲಿ ಊದಿನಕಡ್ಡಿ ಹಿಡಿದುಕೊಂಡು ಬರುತ್ತಿದ್ದಳು. ಅರುಣ್ ಗೋವಿಲ್ ತೆರೆಯ ಮೇಲೆ ಬಂದರೆ ಕೂತಲ್ಲೇ ಕೈಮುಗಿಯುತ್ತಿದ್ದಳು. ಎಲ್ಲರೂ ಇರುತ್ತಿದ್ದರು, ಅಪ್ಪ ಒಬ್ಬ ಇರುತ್ತಿರಲಿಲ್ಲ. "ನಾ ಅವರ ಮನಿಗಿ ಖಣ ಒಪ್ಪಸಾಕ ಹೋಗಾಂವ. ಕುಂಡ್ರಾಕ ಹೆಂಗ ಹೋಗ್ಲಿ?" ಅನ್ನುತ್ತಿದ್ದ. ಅದರಲ್ಲಿ ಸಿಟ್ಟಿರಲಿಲ್ಲ. ಆದರೆ ನಾವು ಓಡಿಬಂದು ಕಥೆ ಹೇಳುವಾಗ ಅಪ್ಪ ಎಳೆಯ ಮೇಲೆ ಕಣ್ಣಿಟ್ಟೇ ಕೇಳುತ್ತಿದ್ದುದು ನನಗೆ ಆ ವಯಸ್ಸಿನಲ್ಲೂ ಸಂಕಟ ಮಾಡುತ್ತಿತ್ತು. ಹನುಮಂತ ಸಮುದ್ರ ಹಾರಿದ್ದನ್ನು ದಾರಾ ಸಿಂಗ್ ಹಾಗೆ ಎದೆ ಉಬ್ಬಿಸಿ ಮಾಡಿ ತೋರಿಸಿದ್ದೆ. ಅಪ್ಪ ಓರೆಗಣ್ಣಿನಲ್ಲಿ ನೋಡಿ ನಕ್ಕ, ಲಾಳಿ ಮಾತ್ರ ನಿಲ್ಲಲಿಲ್ಲ.

ಮುಂದಿನ ವರ್ಷ ಅಕ್ಟೋಬರ್ 2ಕ್ಕೆ ಮಹಾಭಾರತ ಶುರುವಾಯಿತು. ಆ ದೀಪಾವಳಿಗೆ ಅಪ್ಪ ಕಂತಿನ ಮೇಲೆ ಒಂದು ಕಪ್ಪು-ಬಿಳುಪು ಟಿವಿ ತಂದ. ಎಳೆದು ಮುಚ್ಚುವ ಕಟ್ಟಿಗೆ ಬಾಗಿಲಿನದು. ಕಂತು ಕಟ್ಟುವುದಕ್ಕೆ ಶನಿವಾರ ರಾತ್ರಿ ಹೊತ್ತು ಮೀರಿ ನೇಯುತ್ತಿದ್ದ. ನಿದ್ದೆಗಣ್ಣಿನಲ್ಲಿ ನನಗೆ ಆ ಸಪ್ಪಳ ಕೇಳುತ್ತಿತ್ತು. ರವಿವಾರ ಮುಂಜಾನೆ ಒಂದು ತಾಸು ಮಗ್ಗ ನಿಲ್ಲಿಸಬೇಕು ಅಂದರೆ ಆ ತಾಸನ್ನು ಹಿಂದಿನ ರಾತ್ರಿಯೇ ದುಡಿದು ಇಡಬೇಕಲ್ಲ.

ಅವತ್ತು ಅಪ್ಪ ಕುಣಿಯಿಂದ ಮೇಲೆ ಬಂದು, ನಮ್ಮ ನಡುವೆ ಚಾಪೆಯ ಮೇಲೆ ಕಾಲು ಚಾಚಿ ಕೂತ. ನಾನು ಆ ಕಾಲಿಗೆ ಒರಗಿ ಕೂತೆ. ಮೈಯೆಲ್ಲ ಬೆಚ್ಚಗಿದ್ದ ಅಪ್ಪನ ಪಾದ ಮಾತ್ರ ತಣ್ಣಗೆ, ಕುಣಿಯ ಮಣ್ಣಿನ ಹಾಗೆ. ತುಳಿದು ತುಳಿದು ಬಲಗಾಲಿನ ಹೆಬ್ಬೆರಳಿನ ಕೆಳಗೆ ನಾಲ್ಕಾಣೆಯಷ್ಟಗಲ ಗಟ್ಟಿಯಾದ ಚರ್ಮ. ಬೆರಳಿಟ್ಟು ಒತ್ತಿ ನೋಡಿದೆ. "ಅಲ್ಲೆ ನನಗೇನೂ ತಿಳಿಯೂದಿಲ್ಲವಾ" ಅಂದ ಅಪ್ಪ, ನನ್ನ ಮುಖ ನೋಡಿ. ನನ್ನ ಮುಖ ನೋಡಿ ಅಂದ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮಗ್ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಹರೀಶ್ ಭೀಮಾನಿಯವರ ದನಿಯಲ್ಲಿ, ಕಥೆ ಹೇಳುವ 'ಸಮಯ' ಮಾತಾಡಲು ಶುರು ಮಾಡಿದರೆ ಆಯಿ "ಕಾಲಪುರುಷ ಬಂದ, ಸುಮ್ಮನ ಕುಂಡ್ರ್ರಿ" ಅನ್ನುತ್ತಿದ್ದಳು. ಕಥೆ ಅವಳಿಗೆ ಗೊತ್ತಿತ್ತು. ಬಾದಾಮಿ ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗಿ ರಾತ್ರಿಯಿಡೀ ಕಂಪನಿ ನಾಟಕ ನೋಡಿದವಳು, ಪಾರಿಜಾತ ಆಟದ ಹಾಡು ಬಾಯಲ್ಲಿದ್ದವಳು. ತೆರೆಯಲ್ಲಿ ಅವರು ಹಿಂದಿಯಲ್ಲಿ ಒಂದು ಮಾತಾಡಿದರೆ ಇಲ್ಲಿ ಆಯಿಯದು ನಮ್ಮ ಭಾಷೆಯಲ್ಲಿ ಎರಡು ಮಾತು. "ಏ ದುರ್ಯೋಧನಾ, ನಿನ್ನ ತೊಡಿ ಮುರದs ಮುರೀತಾನ ನೋಡs ಭೀಮ" ಅಂತ ಮೊದಲೇ ಹೇಳಿಬಿಡುತ್ತಿದ್ದಳು. ಮುಂದೇನಾಗುತ್ತದೆ ಅಂತ ಗೊತ್ತಿದ್ದರೂ ನಮಗೆ ಬೇಸರ ಆಗುತ್ತಿರಲಿಲ್ಲ, ಆಯಿ ಹೇಳಿದ್ದು ನಿಜ ಆಗುತ್ತದೋ ಇಲ್ಲವೋ ಅಂತ ಕಾಯುತ್ತಿದ್ದೆವು.

ದ್ರೌಪದಿಯ ವಸ್ತ್ರಾಪಹರಣದ ರವಿವಾರ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ದುಶ್ಶಾಸನ ಸೆರಗಿಗೆ ಕೈ ಹಾಕಿದಾಗ ಅವ್ವ ಬಾಯಿಗೆ ಸೆರಗು ಹಿಡಿದಳು. ಅಪ್ಪ ಕಾಲು ಮಡಚಿ ನೆಟ್ಟಗೆ ಕೂತ. ಸೀರೆ ಬರತೊಡಗಿತು. ಬಂತು, ಬಂತು, ಮುಗಿಯಲೊಲ್ಲದು. ನೇಯುವ ಮನೆಯವರು ಅದನ್ನು ನೋಡುವ ರೀತಿ ಬೇರೆ. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆ, ಎಂಥ ಮಗ್ಗದಲ್ಲೂ ಒಂದು ದಿನ ಮುಗಿಯುತ್ತದೆ. ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಹೊಸೆದು ಜೋಡಿಸಬೇಕು. ನಮ್ಮ ಮನೆಯಲ್ಲಿ ಬೆರಳಿಗೆ ಬೂದಿ ಹಚ್ಚಿಕೊಂಡು ಆ ಕೆಲಸ ಮಾಡುತ್ತಿದ್ದವಳೇ ಆಯಿ. ಅವಳು ಅಳುತ್ತಳುತ್ತಲೇ ಅಂದಳು:

"ಎಲ್ಲ್ಯೂ ಜೋಡಿಸಿದ್ದು ಕಾಣವಲ್ದಲೋ ಎಪ್ಪಾ. ಯಾವ ಮಗ್ಗದಾಗ ನೇಯಾಕತ್ತ್ಯಾನೋ ಕೃಷ್ಣ!"

ಅಪ್ಪ ಏನೂ ಅನ್ನಲಿಲ್ಲ. ಅವನ ಬಲಗೈ ಮಾತ್ರ ತೊಡೆಯ ಮೇಲೆ ಲಾಳಿ ಎಳೆಯುವ ಹಾಗೆ ಸಣ್ಣಗೆ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಓಣಿಯ ತುಂಬ "ಹೋ" ಅಂತ ಕೂಗು. ನಾನು ಅತ್ತೇ ಬಿಟ್ಟೆ. ಆಗ ಆಯಿ ಕಣ್ಣೊರೆಸಿಕೊಂಡು, ಆರಿದ ಟಿವಿಗೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿ ಕೂತು, ಬಿಟ್ಟಲ್ಲಿಂದಲೇ ಹಿಡಿದು ಕಥೆ ಹೇಳಿದಳು. ದುಶ್ಶಾಸನನ ಕೈ ಸೋತದ್ದು, ಸಭೆಯಲ್ಲಿ ಸೀರೆಯ ರಾಶಿ ಬಿದ್ದದ್ದು. ತಮ್ಮ ಕೇಳಿದ, "ಆಯಿ, ಸೀರಿ ಯಾವ ಬಣ್ಣ?" ನಮ್ಮ ಟಿವಿಯಲ್ಲಿ ಬಣ್ಣ ಎಲ್ಲಿಂದ ಬರಬೇಕು. ಆಯಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ಹಸರು. ಗಿಣಿಹಸರು. ಕೆಂಪು ದಡಿ." ಅಪ್ಪ ಹೌದು ಅನ್ನುವ ಹಾಗೆ ಗೋಣು ಹಾಕಿದ. ಕರೆಂಟು ಬರುವ ಹೊತ್ತಿಗೆ ಕಂತು ಮುಗಿದು ಹೋಗಿತ್ತು. ಯಾರಿಗೂ ಅದರ ಬಗ್ಗೆ ದುಃಖ ಇರಲಿಲ್ಲ.

ಮಾಲ್ಗುಡಿ ಡೇಸ್ ಕೂಡ ನಮಗೆ ಹಿಂದಿಯಲ್ಲೇ ಬಂತು. ಶಂಕರ್ ನಾಗ್ ಮಾಡಿದ್ದು, ಆಗುಂಬೆಯಲ್ಲಿ ತೆಗೆದದ್ದು, ಗಿರೀಶ ಕಾರ್ನಾಡರಿಂದ ಹಿಡಿದು ಎಷ್ಟೋ ಮುಖ ನಮ್ಮವೇ. "ನಮ್ಮವರs ನಮ್ಮ ಮಾತು ಯಾಕ ಆಡವಲ್ರು?" ಅಂತ ಆಯಿ ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಇವತ್ತು ಮಕ್ಕಳಿಗೆ ಒಳ್ಳೆಯ ಕಾರ್ಯಕ್ರಮಗಳೆಲ್ಲ ಕನ್ನಡದಲ್ಲಿ ಸಿಗಬೇಕು ಅಂತ ನಾನು ಗಟ್ಟಿಯಾಗಿ ಹೇಳುವವಳು, ಅದಕ್ಕೆ ಕಾರಣ ಆಯಿಯ ಆ ಪ್ರಶ್ನೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಅಪಘಾತದಲ್ಲಿ ಶಂಕರ್ ನಾಗ್ ಹೋದರು. ಸುದ್ದಿ ಕೇಳಿ ಅಪ್ಪ ಮಗ್ಗದಿಂದ ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಅವ್ವ ಒಳಗಿನಿಂದ ಎಳೆ ಹರಿಯಿತೇನು ಅಂತ ಕೇಳಲಿಲ್ಲ.

ಆಮೇಲೆ ಬಣ್ಣದ ಟಿವಿ ಬಂತು, ಕೇಬಲ್ ಬಂತು, ಕನ್ನಡ ಧಾರಾವಾಹಿಗಳು ಬಂದವು. ಅವ್ವ ನೋಡಿದಳು, ನಾವೂ ನೋಡಿದೆವು. ಚಂದನದ 'ಥಟ್ ಅಂತ ಹೇಳಿ'ಯಲ್ಲಿ ನಾ. ಸೋಮೇಶ್ವರರು ವಚನದ ಪ್ರಶ್ನೆ ಕೇಳಿದರೆ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಅಪ್ಪ ಅಲ್ಲಿ ಕೂತವರಿಗಿಂತ ಮೊದಲು ಉತ್ತರ ಹೇಳುತ್ತಿದ್ದ. ಬಹುಮಾನಕ್ಕೆ ಕೊಡುತ್ತಿದ್ದ ಪುಸ್ತಕ ನೋಡಿ "ನಮ್ಮನಿಗೂ ಒಂದು ಬರಬೇಕಿತ್ತು" ಅನ್ನುತ್ತಿದ್ದ. ಮನಸೂರರ ವಚನ ಅಷ್ಟು ವರ್ಷ ಕಿವಿಯಲ್ಲಿ ಬಿದ್ದದ್ದು ಎಲ್ಲಿ ಹೋದೀತು.

ಟಿವಿ ಎಲ್ಲ ಮನೆಯನ್ನೂ ಕೂಡಿಸಿತು ಅಂತ ನಾನು ಹೇಳುತ್ತಿಲ್ಲ. ಪಂಕ್ತಿಯಲ್ಲಿ ಆ ಹಿರಿಯರು ಹೇಳಿದ್ದು ಅವರು ಕಂಡದ್ದೇ ಇರಬೇಕು. ಆದರೆ ದುಡಿಮೆಯ ಮನೆಗಳಲ್ಲಿ ಮಾತು ಮೊದಲಿಂದ ತುಂಬಿ ತುಳುಕುತ್ತಿತ್ತು, ಪೆಟ್ಟಿಗೆ ಬಂದು ಅದನ್ನು ಕೊಂದಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಿನವಿಡೀ ಕುಣಿಯಲ್ಲಿ ಕಾಲಿಟ್ಟವನಿಗೆ, ಒಲೆಯ ಮುಂದೆ ಕೂತವಳಿಗೆ ಒಂದು ತಾಸು ಕೆಲಸ ಬಿಟ್ಟು ಮಕ್ಕಳ ಪಕ್ಕದಲ್ಲಿ ಕೂಡಲು ಏನಾದರೂ ಒಂದು ನೆಪ ಬೇಕಿತ್ತು. ಸುಮ್ಮನೆ ಕೂಡುವುದು ಬಡವರ ಮನೆಯಲ್ಲಿ ನಾಚಿಕೆಯ ವಿಷಯ. ಮಹಾಭಾರತ ನೋಡಲು ಕೂತೆ ಅಂದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಇವತ್ತು ನನ್ನ ಮನೆಯಲ್ಲಿ ಹಾಡು, ಸಿನಿಮಾ, ಸುದ್ದಿ ಎಲ್ಲ ದಿನದ ಇಪ್ಪತ್ನಾಲ್ಕು ತಾಸೂ ಇವೆ. ನಾನು ಪಾತ್ರೆ ತೊಳೆಯುತ್ತ ಕೇಳುತ್ತೇನೆ, ಮಕ್ಕಳು ಉಣ್ಣುತ್ತ ನೋಡುತ್ತಾರೆ. ಯಾವುದಕ್ಕೂ ಯಾರೂ ಕೆಲಸ ನಿಲ್ಲಿಸುವುದಿಲ್ಲ. ನನ್ನನ್ನು ಕಾಡುವುದು ಅದೊಂದೇ.

2020ರ ಲಾಕ್‌ಡೌನಿನಲ್ಲಿ ನಾನು ಮಕ್ಕಳ ಜೊತೆ ಗುಳೇದಗುಡ್ಡದಲ್ಲೇ ಉಳಿದೆ. ಅಪ್ಪ ನೇಯುವುದು ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು. ಕುಣಿಗೆ ಮಣ್ಣು ತುಂಬಿ ಮೇಲೆ ಪರಸಿ ಹಾಸಿದ್ದೇವೆ. ಸುತ್ತಲಿನ ಕಲ್ಲು ಹಳೆಯದು, ಅಲ್ಲಿನದು ಹೊಸದು, ಹೀಗಾಗಿ ಕುಣಿ ಎಲ್ಲಿತ್ತು ಅಂತ ಈಗಲೂ ಚೌಕಾಗಿ ಕಾಣುತ್ತದೆ. ಅಪ್ಪ ಕುರ್ಚಿ ಹಾಕಿಕೊಂಡು ಕೂಡುವುದು ಸರಿಯಾಗಿ ಅದರ ಮೇಲೆ. ಡಿಡಿ ಭಾರತಿಯಲ್ಲಿ ಮಹಾಭಾರತ ಮತ್ತೆ ಬರುತ್ತಿತ್ತು. ವಸ್ತ್ರಾಪಹರಣದ ದಿನ ನಾನು ಅಡುಗೆ ಬಿಟ್ಟು ಬಂದು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತೆ. ಮಕ್ಕಳನ್ನೂ ಕೂಡಿಸಿದೆ. ಅವತ್ತು ಕರೆಂಟು ಹೋಗಲಿಲ್ಲ. ಮೂವತ್ತು ವರ್ಷದ ಮೇಲೆ ಆ ಕಂತನ್ನು ಪೂರ್ತಿ ನೋಡಿದೆ, ಬಣ್ಣದಲ್ಲಿ.

ಸೀರೆ ಹಸಿರಿರಲಿಲ್ಲ.

ನಾನು ಅಪ್ಪನ ಮುಖ ನೋಡಿದೆ. ಅವನ ಬಲಗೈ ಕುರ್ಚಿಯ ತೋಳಿನ ಮೇಲೆ ಸಣ್ಣಗೆ ಅಲ್ಲಾಡುತ್ತಿತ್ತು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಅಂದ:

"ನಮ್ಮ ಟಿವ್ಯಾಗ ಹಸರು ಇತ್ತು."