ಮೀಟರ್ ಬಿಡಿ, ಗಾಡಿಯ ಅಡಿ ನೋಡಿ

ಹಳೆಯ ಲಿಮೋ (ನಡುವೆ ಉದ್ದ ಮಾಡಿದ ಐಷಾರಾಮಿ ಕಾರು) ಕೊಳ್ಳುವವರಿಗೆ ‘ಒಂದು ಲಕ್ಷ ಮೈಲಿ ದಾಟಿರದಿದ್ದರೆ ಧೈರ್ಯವಾಗಿ ಕೊಳ್ಳಿ’ ಅಂತ ಬರೆದಿದ್ದೀರಲ್ಲ, ಇದನ್ನು ಒಪ್ಪಲಾರೆ. ನ್ಯೂಜೆರ್ಸಿಯಲ್ಲಿ ಆರು ವರ್ಷ ಲಿಮೋ ಓಡಿಸಿದವನು ನಾನು. ಲಿಂಕನ್ ಟೌನ್ ಕಾರಿನ ಇಂಜಿನ್ ಎರಡು ಲಕ್ಷ ದಾಟಿದ್ದನ್ನೂ ನೋಡಿದ್ದೇನೆ. ಕೈ ಕೊಡುವುದು ನಡುವೆ ಕತ್ತರಿಸಿ ಉದ್ದ ಮಾಡಿದ ಭಾಗ. ನ್ಯೂಜೆರ್ಸಿಯಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದರಿಂದ ಗಾಡಿಯ ಅಡಿಭಾಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಗಾಡಿಯನ್ನು ಮೇಲೆತ್ತಿಸಿ ಬೆಸುಗೆ, ಬ್ರೇಕ್ ಪೈಪುಗಳ ತುಕ್ಕು ನೋಡಲೇಬೇಕು. ಫೋರ್ಡ್‌ನ ಕ್ಯೂವಿಎಂ ಸ್ಟಿಕರ್ (ಗಾಡಿಯನ್ನು ಉದ್ದ ಮಾಡಿದವರು ಫೋರ್ಡ್ ಒಪ್ಪಿದ ಕಂಪನಿ ಅನ್ನುವ ಗುರುತು) ಇಲ್ಲದ ಲಿಂಕನ್ ಲಿಮೋವನ್ನು ನಾನಂತೂ ಮುಟ್ಟುವುದಿಲ್ಲ. ಒಳಗಿನ ಬಣ್ಣದ ದೀಪ, ಬಾರ್ ಎಲ್ಲ ಸುಮ್ನೆ, ಆಮೇಲೂ ಹಾಕಿಸಬಹುದು. 2018ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹೇರಿಯಲ್ಲಿ ಲಿಮೋ ಅಪಘಾತದಲ್ಲಿ 20 ಜನ ಸತ್ತರಲ್ವಾ? ಅದು ಉದ್ದ ಮಾಡಿದ 2001ರ ಫೋರ್ಡ್ ಎಕ್ಸ್‌ಕರ್ಷನ್. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ.