ನಮ್ಮೂರ ಫಾಲ್ಸು

ಅಕ್ಕನನ್ನು ಸಾಗರಕ್ಕೆ ಕೊಟ್ಟಿದ್ದೇವೆ. ಅಲ್ಲಿಂದ ಜೋಗ ಮೂವತ್ತು ಕಿಲೋಮೀಟರ್. ಹಾಗಾಗಿ ಅವಳ ಮಕ್ಕಳಿಗೆ ಮೇಲಿಂದ ನೀರು ಬೀಳೋದು ದೊಡ್ಡ ವಿಷಯವೇ ಅಲ್ಲ, ನಮಗೆ ಬೀದಿ ಕೊನೆಯ ಮಿರ್ಚಿ ಗಾಡಿ ಇದ್ದ ಹಾಗೆ. ಹೋದ ದಸರಾ ರಜೆಗೆ ಚಿತ್ರದುರ್ಗಕ್ಕೆ ಬಂದವರು ಮೊದಲ ದಿನ ಮಂಡಕ್ಕಿ ತಿಂದರು, ಎರಡನೇ ದಿನ ಟಿವಿ ನೋಡಿದರು, ಮೂರನೇ ದಿನ ದೊಡ್ಡವನು ಕೇಳಿಯೇಬಿಟ್ಟ. "ಮಾವ, ನಿಮ್ಮೂರಲ್ಲಿ ಯಾವ್ದೂ ಫಾಲ್ಸ್ ಇಲ್ವಾ?"

ದುರ್ಗದವನಿಗೆ ಕೇಳಬಾರದ ಪ್ರಶ್ನೆ ಇದು. ಬೊಕ್ಕತಲೆಯವನ ಹತ್ತಿರ ಬಾಚಣಿಗೆ ಕೇಳಿದ ಹಾಗೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ನಮ್ಮ ಚಳ್ಳಕೆರೆ, ಹಿರಿಯೂರು ಕಡೆ 500ರ ಆಸುಪಾಸು ಬಂದರೆ ಆ ವರ್ಷ ಪುಣ್ಯ ಅಂದುಕೊಳ್ಳುತ್ತೇವೆ. ಇಷ್ಟರಲ್ಲಿ ಜಲಪಾತ ಎಲ್ಲಿಂದ ತರೋದು? ಆದರೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಎಷ್ಟಾದರೂ ಸೋದರಮಾವ. "ಇದೆ ಕಣೋ, ನಾಳೆ ಬೆಳಿಗ್ಗೆ ನಡ್ಕೊಂಡೇ ಹೋಗಿ ನೋಡ್ಕೊಂಡು ಬರೋಣ" ಅಂದುಬಿಟ್ಟೆ. ಏನು ತೋರಿಸಬೇಕು ಅಂತ ನನಗೇ ಗೊತ್ತಿರಲಿಲ್ಲ. ಮಾನ ಉಳಿಸಲಿಕ್ಕೆ ಅನ್ನೋ ಹಾಗೆ ಆ ರಾತ್ರಿ ಜೋರು ಮಳೆ ಬಂತು.

ಬೆಳಿಗ್ಗೆ ಕೋಟೆಗೆ ಕರೆದುಕೊಂಡು ಹೋದೆ. ಕೋಟೆಗೆ ಬಂದವರು ಬಾಗಿಲು, ಬತೇರಿ, ದೇವಸ್ಥಾನ ನೋಡುತ್ತಾರೆ. ನಾನು ಚಿಕ್ಕಂದಿನಿಂದ ನೋಡಿಕೊಂಡು ಬಂದದ್ದು ಬಂಡೆಗಳ ಮೇಲಿನ ಕಪ್ಪು ಪಟ್ಟೆ. ದುರ್ಗದ ಯಾವ ದೊಡ್ಡ ಗುಂಡನ್ನೇ ನೋಡಿ, ನೆತ್ತಿಯಿಂದ ಬುಡದ ತನಕ ಯಾರೋ ಡಾಂಬರು ಸುರಿದ ಹಾಗೆ ಉದ್ದುದ್ದ ಪಟ್ಟೆಗಳಿರುತ್ತವೆ. ಅದು ಕೊಳೆ ಅಲ್ಲ. ಮಳೆ ನೀರು ಪ್ರತಿ ವರ್ಷ ಅದೇ ಜಾಡಿನಲ್ಲಿ ಇಳಿದು ಇಳಿದು, ಆ ಜಾಡಿನಲ್ಲಷ್ಟೇ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕೂತು, ಬಿಸಿಲಿಗೆ ಒಣಗಿ ಕಪ್ಪಾಗಿರುವುದು. ಬೇಸಿಗೆಯಲ್ಲಿ ಮುಟ್ಟಿದರೆ ಹಳೇ ರೊಟ್ಟಿ ಹೆಂಚಿನ ಹಾಗೆ ಒರಟು. ನಾಲ್ಕು ಹನಿ ಬಿತ್ತೋ, ಸೋಪು ಹಚ್ಚಿದ ಹಾಗೆ ಜಾರುತ್ತದೆ. ಏಳನೇ ಕ್ಲಾಸಿನಲ್ಲಿದ್ದಾಗ ಇಂಥದ್ದೊಂದು ಪಟ್ಟೆ ಮೇಲೆ ಓಡಲು ಹೋಗಿ ಮಂಡಿ ಕೆತ್ತಿಸಿಕೊಂಡ ಗುರುತು ಇನ್ನೂ ಇದೆ. ಅಂದರೆ ನಮ್ಮೂರಲ್ಲಿ ಜಲಪಾತ ಇಲ್ಲ ಅಂತಲ್ಲ, ಬಂಡೆ ಮೇಲೆ ಬರೆದಿಟ್ಟಿದ್ದಾರೆ. ವರ್ಷದ ಹನ್ನೊಂದು ತಿಂಗಳು ಬರೀ ನಕ್ಷೆ ನೋಡಬೇಕು, ನೀರು ಬಂದಾಗ ನೀರು.

ಅವತ್ತು ನೀರಿತ್ತು. ಒಂದು ಆನೆ ಗಾತ್ರದ ಬಂಡೆಯ ಪಟ್ಟೆಯಲ್ಲಿ ಎರಡು ಬೆರಳು ಅಗಲದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಬೀಳುತ್ತಿತ್ತು ಅನ್ನೋದು ಸುಳ್ಳು, ಕಲ್ಲಿಗೆ ಅಂಟಿಕೊಂಡೇ ಬರುತ್ತಿತ್ತು. ನಾನು ಕೈ ಚಾಚಿ "ನೋಡು" ಅಂದೆ.

ದೊಡ್ಡವನು ನೋಡಿದ. "ಮಾವ, ಮಳೆಗಾಲದಲ್ಲಿ ನಮ್ಮನೆ ಹೆಂಚು ಸೋರೋದೇ ಇದಕ್ಕಿಂತ ಜಾಸ್ತಿ."

ಚಿಕ್ಕವಳು ಮಾತ್ರ ಏನೂ ಹೇಳದೆ ಬಂಡೆಗೆ ಅಂಗೈ ಒತ್ತಿ ನಿಂತಳು. ನೀರು ಅವಳ ನಡುಬೆರಳಿಗೆ ತಾಗಿ ಎರಡಾಯಿತು, ಬೆರಳ ಸಂದಿಯಲ್ಲಿ ಒಂದು ಗಳಿಗೆ ತಡೆದು ನಿಂತಿತು, ಆಮೇಲೆ ಮಣಿಕಟ್ಟಿನ ಕೆಳಗೆ ಮತ್ತೆ ಒಂದಾಗಿ ಹೊರಟಿತು. ಬಳೆ ಒದ್ದೆ ಆಯಿತು. "ಇದು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದಳು. ಫಾಲ್ಸ್ ನೋಡಲು ಹೋದವರು ಸಾಮಾನ್ಯವಾಗಿ ಈ ಪ್ರಶ್ನೆ ಕೇಳುವುದಿಲ್ಲ, ಫೋಟೊ ತೆಗೆದು ವಾಪಸ್ ಬರುತ್ತಾರೆ.

ಎಲ್ಲಿಗೆ ಹೋಗುತ್ತೆ ಅನ್ನೋದೇ ದುರ್ಗದ ಕಥೆ. ಕೋಟೆ ಕಟ್ಟಿದವರಿಗೆ ಬೀಳುವ ನೀರು ನೋಡಿ ಆಹಾ ಅನ್ನಲು ಪುರುಸೊತ್ತಿರಲಿಲ್ಲ. ಬಂಡೆ ಮೇಲಿಂದ ಇಳಿದದ್ದನ್ನೆಲ್ಲ ಹಿಡಿದರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದದ್ದು ಅಕ್ಕತಂಗಿ ಹೊಂಡಕ್ಕೆ. ಅದೂ ತುಂಬಿದರೆ ಸಿಹಿನೀರು ಹೊಂಡ, ಅಲ್ಲಿಂದ ಊರೊಳಗಿನ ಸಂತೆಹೊಂಡ. ಮೇಲಿನವರು ಉಂಡು ಮಿಕ್ಕಿದ್ದು ಕೆಳಗಿನವರಿಗೆ, ದೊಡ್ಡ ಮನೆಯ ಮದುವೆ ಪಂಕ್ತಿ ಇದ್ದ ಹಾಗೆ. ಮುತ್ತಿಗೆ ಹಾಕಿದ ಸೈನ್ಯ ಕೆಳಗೆ ತಿಂಗಳುಗಟ್ಟಲೆ ಕೂತರೂ ಮೇಲಿನವರು ಬಾಯಾರಿ ಸಾಯಬಾರದು, ಅದು ಲೆಕ್ಕ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ ನಿಜ, ಆದರೆ ಅದಕ್ಕೆ ಹೊಂಡಗಳನ್ನು ಬಯ್ಯುವ ಹಾಗಿಲ್ಲ.

ಓಬವ್ವನ ಕಿಂಡಿಯ ಹತ್ತಿರ ತಣ್ಣೀರು ದೋಣಿ ಅಂತ ಒಂದಿದೆ. ಕಲ್ಲಿನ ಸಂದಿಯಲ್ಲಿ ನೀರು ನಿಲ್ಲುವ ಸಣ್ಣ ಜಾಗ. ವರ್ಷವಿಡೀ ತಣ್ಣಗಿರುತ್ತದೆ ಅಂತ ಆ ಹೆಸರು. ಓಬವ್ವ ಅಂದ ಕೂಡಲೆ ನಮಗೆಲ್ಲ ಒನಕೆ ನೆನಪಾಗುತ್ತದೆ, ಪಾಪ ಬಿಂದಿಗೆಯನ್ನು ಯಾರೂ ನೆನೆಯುವುದಿಲ್ಲ. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಮನೆಯಲ್ಲಿ ನೀರಿರಲಿಲ್ಲ, ಅವಳು ದೋಣಿಗೆ ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರನ ಸಿಪಾಯಿಗಳು ಒಬ್ಬೊಬ್ಬರಾಗಿ ತೂರಿ ಬರುವ ಸದ್ದು ಕೇಳಿಸಿತು. ಉಳಿದದ್ದು ಎಲ್ಲರಿಗೂ ಗೊತ್ತು. ಅವತ್ತು ಬೆಳಿಗ್ಗೆಯೇ ಒಂದು ಬಿಂದಿಗೆ ತುಂಬಿಟ್ಟಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ದೊಡ್ಡವನು ಕಿಂಡಿಯಲ್ಲಿ ತೂರಿ ಆ ಕಡೆ ಹೋಗಿ, ಈ ಕಡೆ ಬಂದು, ನಾಲ್ಕು ಸಲ ತಂಗಿಯ ಕೈಯಲ್ಲಿ ಹೊಡೆಸಿಕೊಂಡು ಸತ್ತ. ಫಾಲ್ಸ್ ವಿಷಯ ಸ್ವಲ್ಪ ಹೊತ್ತು ಮರೆತ.

ಸ್ವಲ್ಪ ಹೊತ್ತು ಅಷ್ಟೇ. ಸಂಜೆ ಚಂದ್ರವಳ್ಳಿಗೆ ಕರೆದುಕೊಂಡು ಹೋದಾಗ ಮತ್ತೆ ಶುರುವಾಯಿತು. ಅಲ್ಲಿ ಕೆರೆ ಇದೆ, ಫಾಲ್ಸ್ ಇಲ್ಲ. ಆದರೆ ಭೈರವೇಶ್ವರ ಗುಡಿಯ ಹತ್ತಿರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು, ಪ್ರಾಕೃತದಲ್ಲಿ, ಬರೀ ಮೂರು ಸಾಲು. ಗೆದ್ದ ರಾಜರ ಪಟ್ಟಿ ಇದೆ, ಪಲ್ಲವರು, ಅಭೀರರು, ಪುನ್ನಾಟದವರು ಅಂತ. ಆದರೆ ಶಾಸನ ಹಾಕಿಸಿದ್ದು ಯುದ್ಧಕ್ಕಲ್ಲ, ಕೆರೆ ಮಾಡಿಸಿದ್ದಕ್ಕೆ. ಇಷ್ಟು ಜನರನ್ನು ಸೋಲಿಸಿದವನಿಗೆ ಕೊನೆಗೆ ದುರ್ಗದ ಎರಡು ಗುಡ್ಡದ ಮಧ್ಯೆ ನೀರು ನಿಲ್ಲಿಸಿದ್ದನ್ನು ಕಲ್ಲಿನಲ್ಲಿ ಕೆತ್ತಿಸಬೇಕು ಅನ್ನಿಸಿತಲ್ಲ, ಈ ಊರಿನ ಬಿಸಿಲು ಅವನಿಗೂ ತಾಗಿರಬೇಕು.

ನಿಜ ಹೇಳಬೇಕೆಂದರೆ ಜೋಗಿಮಟ್ಟಿಯ ಕಾಡಿನಲ್ಲಿ ಹಿಮವತ್ ಕೇದಾರ ಅಂತ ಒಂದು ಝರಿ ಇದೆ. ಹೆಸರು ಕೇಳಿದರೆ ಸ್ವೆಟರ್ ಹುಡುಕಬೇಕು ಅನ್ನಿಸುತ್ತದೆ. ಮಳೆಗಾಲದಲ್ಲಿ ಚೆನ್ನಾಗಿರುತ್ತದೆ. ಅಲ್ಲಿಗೆ ಹೋಗೋಣ ಅಂದರೆ ಅಷ್ಟರಲ್ಲಿ ಅಕ್ಕನ ಫೋನು ಬಂತು, ಕಾಡಿಗೆಲ್ಲ ಕರ್ಕೊಂಡು ಹೋಗಬೇಡ ಅಂತ. ಸುತ್ತ ಕಾಡೇ ಇರುವ ಊರಿನಲ್ಲಿ ಇದ್ದುಕೊಂಡು ಅವಳು ಹೀಗೆ ಹೇಳುತ್ತಾಳೆ.

ಆಗ ನಾನು ಕೊನೆಯ ಬಾಣ ಬಿಟ್ಟೆ. ಮೊಬೈಲಿನಲ್ಲಿ ಇಟ್ಟುಕೊಂಡಿದ್ದ 2022ರ ವಿಡಿಯೊ. ಮಾರಿಕಣಿವೆ ಕೋಡಿ ಬಿದ್ದದ್ದು.

ಹೊರಗಿನವರು ವಾಣಿವಿಲಾಸ ಸಾಗರ ಅನ್ನುತ್ತಾರೆ, ನಮಗೆ ಮಾರಿಕಣಿವೆ. ಮೈಸೂರು ಅರಸರು ವೇದಾವತಿಗೆ ಅಡ್ಡ 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ಕಟ್ಟೆ. 130 ಅಡಿ ತನಕ ನೀರು ನಿಲ್ಲುತ್ತದೆ, 30 ಟಿಎಂಸಿ. ಕಟ್ಟಿದವರ ಆಸೆ ದೊಡ್ಡದು, ವೇದಾವತಿಯ ಕೈ ಸಣ್ಣದು. 1933ರಲ್ಲಿ ಒಂದು ಸಲ ಕೋಡಿ ಬಿತ್ತು. ಆಮೇಲೆ ಬೀಳಲೇ ಇಲ್ಲ. ನಮ್ಮಜ್ಜ ಏನಾದರೂ ಆಗದ ಕೆಲಸಕ್ಕೆ "ಮಾರಿಕಣಿವೆ ಕೋಡಿ ಬಿದ್ದಾಗ ನೋಡೋಣ" ಅನ್ನುತ್ತಿದ್ದರು. ಸಾಲ ಕೇಳಲು ಬಂದವರಿಗೂ ಅದೇ ಉತ್ತರ. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ನಿಜವಾಗಿ ಕೋಡಿ ಬಿತ್ತು. ಅಜ್ಜ ಇದ್ದಿದ್ದರೆ ಎಷ್ಟು ಜನಕ್ಕೆ ದುಡ್ಡು ಎಣಿಸಬೇಕಾಗುತ್ತಿತ್ತೋ.

ಜಿಲ್ಲೆಗೆ ಜಿಲ್ಲೆಯೇ ಅಲ್ಲಿಗೆ ಹೊರಟಿತು. ಬೈಕಿನಲ್ಲಿ, ಟ್ರಾಕ್ಟರಿನಲ್ಲಿ, ಟಾಟಾ ಏಸಿನಲ್ಲಿ. ನಾವು ಗಾಡಿಯನ್ನು ಎಷ್ಟೋ ದೂರದಲ್ಲೇ ಬಿಟ್ಟು, ಬಿಸಿಲಿನಲ್ಲಿ ಸಾಲಾಗಿ ಜಾತ್ರೆಗೆ ಹೋದ ಹಾಗೆ ನಡೆದೆವು. ದಾರಿಯುದ್ದ ಮಂಡಕ್ಕಿ, ಸೌತೆಕಾಯಿ, ಐಸ್‌ಕ್ಯಾಂಡಿ. ಪಕ್ಕದಲ್ಲಿ ಒಬ್ಬ ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಕಾಲು ಸುಡಲ್ವೇನಜ್ಜಿ ಅಂದರೆ "ಗಂಗಮ್ಮನ್ನ ನೋಡಾಕೆ ಚಪ್ಪಲಿ ಮೆಟ್ಕಂಡು ಹೋಗಾದೇನಪ್ಪಾ" ಅಂದರು. ಕೋಡಿಯ ಹತ್ತಿರ ಬಂದಾಗ ಮೊದಲು ಸದ್ದು, ಆಮೇಲೆ ಮುಖಕ್ಕೆ ತಂಪು, ಆಮೇಲೆ ನೀರು. ಎತ್ತರದಲ್ಲಿ ಜೋಗದ ಕಾಲಿಗೂ ಬಾರದು. ಅಲ್ಲಿ 253 ಮೀಟರ್ ಬೀಳುತ್ತದೆ. ಇಲ್ಲಿ ನೀರು ಕಟ್ಟೆ ದಾಟಿ ಕಲ್ಲುಗಳ ಮೇಲೆ ಬಿಳಿ ಪಂಚೆ ಹಾಸಿದ ಹಾಗೆ ಹರಡಿ ಹೋಗುತ್ತಿತ್ತು, ಅಷ್ಟೇ. ಆ ಅಜ್ಜಿ ಅರಿಶಿನ ಕುಂಕುಮ ಹಾಕಿದರು, ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಎರಡು ಬಾಳೆಹಣ್ಣು ಬಿಟ್ಟರು, ಬಾಗಿ ಒಂದು ಬೊಗಸೆ ತುಂಬಿಕೊಂಡು ಕುಡಿದರು, ಉಳಿದದ್ದನ್ನು ತಲೆಗೆ ಹಚ್ಚಿಕೊಂಡರು. ಜೋಗದಲ್ಲಿ ರೇಲಿಂಗ್ ಹಿಡಿದುಕೊಂಡು ನೋಡುತ್ತೇವೆ. ಕುಡಿದವರನ್ನು ನಾನು ನೋಡಿಲ್ಲ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಈ ಸಲ ಅಷ್ಟು ಗದ್ದಲ ಇರಲಿಲ್ಲ. ಮನುಷ್ಯನಿಗೆ ಎಷ್ಟು ಬೇಗ ಅಭ್ಯಾಸ ಆಗಿಬಿಡುತ್ತದೆ ನೋಡಿ.

ವಿಡಿಯೊ ನೋಡಿದ ದೊಡ್ಡವನು "ಇದು ಪರವಾಗಿಲ್ಲ" ಅಂದ. ಆದರೆ ತಕ್ಷಣ "ಇದು ಡ್ಯಾಮು ಮಾವ, ಫಾಲ್ಸ್ ಅಲ್ಲ" ಅಂತ ತಕರಾರು ತೆಗೆದ. ಕೋಡಿ ಅನ್ನೋ ಮಾತೇ ಬೇರೆ ಅಂತ ಅವನಿಗೆ ಹೇಗೆ ಹೇಳೋದು. ಫಾಲ್ಸ್ ಅಂದರೆ ನೀರು ಬೀಳುವ ಜಾಗ. ಕೋಡಿ ಅಂದರೆ ತುಂಬಿದ ಸುದ್ದಿ. ಕೆರೆ ತುಂಬಿತು, ಈ ವರ್ಷ ಬೋರಿನಲ್ಲಿ ನೀರು ಇರುತ್ತದೆ, ಅಡಿಕೆ ತೋಟ ಉಳಿಯಿತು, ಮಗಳ ಮದುವೆ ಮುಂದೆ ಹಾಕಬೇಕಾಗಿಲ್ಲ, ಇಷ್ಟೂ ಸೇರಿ ಆ ಎರಡಕ್ಷರ. ದಾವಣಗೆರೆಯವರನ್ನು ಕೇಳಿ. ದೇವರಬೆಳಕೆರೆ ಪಿಕಪ್ ಡ್ಯಾಮು ತುಂಬಿ ಹರಿದರೆ ಬೆಣ್ಣೆದೋಸೆ ಕಟ್ಟಿಸಿಕೊಂಡು ಹೊರಡುತ್ತಾರೆ. ಚನ್ನಗಿರಿ ಕಡೆ ಸೂಳೆಕೆರೆ ಇದೆ. ಶಾಂತಿಸಾಗರ ಅಂತ ಬೋರ್ಡಿನಲ್ಲಿ ಬರೆಯುತ್ತಾರೆ. ಶಾಂತವ್ವ ಅನ್ನುವವಳು ಅಪ್ಪ ಬೈದ ಕೆಟ್ಟ ಮಾತಿಗೆ ಉತ್ತರವಾಗಿ ಕಟ್ಟಿಸಿದಳು ಅನ್ನೋದು ಜನರ ಕಥೆ. ಎರಡು ಗುಡ್ಡದ ನಡುವಿನ ಸಂದು ಮುಚ್ಚಿದ್ದು, ಅಷ್ಟಕ್ಕೇ ಹಿಂದೆ ಸಮುದ್ರದ ಹಾಗೆ ನೀರು. ತೂಬುಗಳಿಗೂ ಸಿದ್ಧ, ಬಸವ ಅಂತ ಮನೆ ಮಕ್ಕಳಿಗೆ ಇಟ್ಟ ಹಾಗೆ ಹೆಸರು. ಬೈಗುಳವನ್ನು ಹೆಸರಾಗಿ ಉಳಿಸಿಕೊಂಡ ಕೆರೆ ಇನ್ನೆಲ್ಲಾದರೂ ಇದೆಯೋ ಇಲ್ಲವೋ. ಆ ಕೆರೆಯ ನೀರೇ ಪೈಪಿನಲ್ಲಿ ಬಂದು ದುರ್ಗದ ನಲ್ಲಿಗಳಲ್ಲಿ ಬೀಳುತ್ತದೆ. ಮೂರ್ನಾಲ್ಕು ದಿನಕ್ಕೊಂದು ಸಲ. ಕೆಲವು ಸಲ ರಾತ್ರಿ ಎರಡು ಗಂಟೆಗೆ.

ಅವತ್ತು ರಾತ್ರಿಯೂ ಹಾಗೇ ಆಯಿತು. ಮಲಗಿದ್ದೆವು. ನಲ್ಲಿ ಮೊದಲು ಬುಸ್ ಅಂತ ಗಾಳಿ ಬಿಟ್ಟಿತು, ಅಮ್ಮ ಎದ್ದು ಕೂತರು. ಡ್ರಮ್ಮು, ಕೊಡಪಾನ, ಬಕೆಟ್ಟು, ಕೊನೆಗೆ ಸಾರಿನ ಪಾತ್ರೆ ಕೂಡ ಸಾಲಾಗಿ ನಿಂತವು, ಮೇಲಿನದು ತುಂಬಿದ ಮೇಲೆ ಕೆಳಗಿನದು. ಪೈಪನ್ನು ಸಂಪಿಗೆ ಬಿಟ್ಟು ಹತ್ತು ನಿಮಿಷ ಒರಗೋಣ ಅಂತ ಒರಗಿದವನಿಗೆ ನಿದ್ದೆ ಹತ್ತಿಬಿಟ್ಟಿತ್ತು. ಎಚ್ಚರವಾಗಿದ್ದು ಎದುರುಮನೆಯವರ ಕೂಗಿಗೆ. "ಏನ್ರೀ, ನಿಮ್ ಸಂಪು ಕೋಡಿ ಬಿದ್ದೈತೆ!"

ಓಡಿ ಹೊರಗೆ ಬಂದೆ. ಸಂಪಿನ ಮುಚ್ಚಳದ ಸುತ್ತ ನೀರು ಉಕ್ಕಿ, ಮೂರು ಮೆಟ್ಟಿಲು ಒಂದೊಂದಾಗಿ ಇಳಿದು, ಬೀದಿ ದೀಪದಲ್ಲಿ ಹೊಳೆಯುತ್ತಾ ಚರಂಡಿ ಕಡೆ ಹೊರಟಿತ್ತು. ಕೊನೆಯ ಮೆಟ್ಟಿಲ ಮೇಲೆ ದೊಡ್ಡವನು ಚಡ್ಡಿ ಮೇಲೆತ್ತಿಕೊಂಡು ಕಾಲು ಇಳಿಬಿಟ್ಟು ಕೂತಿದ್ದ. ಪಕ್ಕದಲ್ಲಿ ತಂಗಿ.

"ಮಾವ, ಆಫ್ ಮಾಡ್ಬೇಡ, ಎರಡೇ ನಿಮಿಷ" ಅಂದ.

ಒಳಗಿಂದ ಅಮ್ಮ ಬಯ್ಯುತ್ತಿದ್ದರು.