ಅಲ್ಲಿ ಮಳೆ ರಜೆ, ಇಲ್ಲಿ ಬಿಸಿಲು ರಜೆ

ಕಳೆದ ವರ್ಷ ಜುಲೈನ ಒಂದು ದಿನ. ಮ್ಯೂನಿಕ್‌ನಲ್ಲಿ ನನ್ನ ಮಗಳು ಹನ್ನೊಂದೂವರೆಗೆಲ್ಲ ಶಾಲೆಯಿಂದ ಮನೆಗೆ ಬಂದಳು. ಕಾವು ಹೆಚ್ಚಾಯಿತೆಂದು ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಬೇಗ ಬಿಟ್ಟಿದ್ದರು. ಜರ್ಮನರು ‘ಹಿಟ್ಸೆಫ್ರೈ’ ಎಂದು ಕರೆಯುವ ಈ ಬಿಸಿಲು ರಜೆ ಇಲ್ಲಿನ ಮಕ್ಕಳಿಗೆ ಹಬ್ಬವಿದ್ದಂತೆ. ಫೋನ್ ತೆಗೆದು ನೋಡಿದರೆ ಸಾಗರ ತಾಲ್ಲೂಕಿನಿಂದ ಅಕ್ಕನ ಸಂದೇಶ: ‘ತಮ್ಮಾ, ಇವತ್ತೂ ಮಳೆ ರಜೆ ಕೊಟ್ಟಿದ್ದಾರೆ. ಅಂಕಿ ನಾಳೆ ಕಳುಹಿಸುತ್ತೇನೆಂದು ನಿಮ್ಮ ಮಕ್ಕಳಿಗೆ ಹೇಳು.’

ಅಂಕಿ ಎಂದರೆ ಮಳೆಯ ಅಂಕಿ. ಅಕ್ಕ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳ ಐದನೆಯ ತರಗತಿಯೂ ನನ್ನ ಮಗಳ ಮೂರನೆಯ ತರಗತಿಯೂ ಸೇರಿ ಒಂದು ಮಳೆಗಾಲದಲ್ಲಿ ಮಳೆ ಅಳೆದು ಪರಸ್ಪರ ವರದಿ ಒಪ್ಪಿಸಿಕೊಂಡವು. ನಡುವೆ ನಾನು ಅಂಚೆಯವನು.

ಯುರೋಪಿನಲ್ಲಿ ಇಂಥ ಜೋಡಿ ಕಟ್ಟುವುದು ಹೊಸದೇನಲ್ಲ. 2005ರಲ್ಲಿ ಯುರೋಪಿಯನ್ ಕಮಿಷನ್ ‘ಇ-ಟ್ವಿನ್ನಿಂಗ್’ ಎಂಬ ವ್ಯವಸ್ಥೆ ತಂದಿತು. ಎರಡು ದೇಶಗಳ ಇಬ್ಬರು ಶಿಕ್ಷಕರು ಒಪ್ಪಿದರೆ ಸಾಕು, ಅವರ ತರಗತಿಗಳು ಅಂತರ್ಜಾಲದಲ್ಲಿ ಒಂದೇ ಕೆಲಸವನ್ನು ಕೈಗೆತ್ತಿಕೊಳ್ಳಬಹುದು. ಇದರಲ್ಲಿ ಯಾರಿಗೂ ಅನುದಾನವಿಲ್ಲ, ಹಾಗಾಗಿಯೇ ಇದು ಬಾಳಿಕೆ ಬಂದಿದೆ ಎಂದು ನನ್ನ ಗುಮಾನಿ. ಅದಕ್ಕೂ ಹಿಂದೆ 1963ರಲ್ಲಿ, ಮೂರು ಯುದ್ಧ ಕಾದಿದ್ದ ಫ್ರಾನ್ಸ್ ಮತ್ತು ಜರ್ಮನಿ ಒಪ್ಪಂದ ಮಾಡಿಕೊಂಡು, ಎಳೆಯರನ್ನು ಅತ್ತಿಂದಿತ್ತ ಕಳುಹಿಸಲೆಂದೇ ಒಂದು ಸಂಸ್ಥೆ ಹುಟ್ಟುಹಾಕಿದ್ದವು. ಪಕ್ಕದ ದೇಶದ ಮಗುವನ್ನು ಕಂಡರೆ ಮುಂದೆ ಅದರ ಮೇಲೆ ಗುಂಡು ಹಾರಿಸುವುದು ಕಷ್ಟವಾದೀತೆಂಬ ಆಸೆ. ಭಾರತ ಇ-ಟ್ವಿನ್ನಿಂಗ್ ಪಟ್ಟಿಯಲ್ಲಿಲ್ಲ. ಜರ್ಮನ್ ಸರ್ಕಾರ 2008ರಲ್ಲಿ ಆರಂಭಿಸಿದ ‘ಪಾಶ್’ ಎಂಬ ಶಾಲಾ ಜಾಲ ನಮ್ಮಲ್ಲಿಗೂ ಬಂದಿದೆ, ಆದರೆ ಅದು ಜರ್ಮನ್ ಭಾಷೆ ಕಲಿಸುವ ಶಾಲೆಗಳಿಗೆ. ಹಂಚಿನ ಸೂರಿನ ಕನ್ನಡ ಶಾಲೆಗೆ ಬಾಗಿಲು ತೆರೆಯಬೇಕಾದರೆ ನನ್ನಂಥ ತಮ್ಮನೊಬ್ಬ ಹೊರನಾಡಿನಲ್ಲಿರಬೇಕು!

ಮಗಳ ಶಿಕ್ಷಕಿಯನ್ನು ನಾನು ಕೇಳಿದ್ದು ನವೆಂಬರ್‌ನಲ್ಲಿ. ಅವರು ತಕ್ಷಣ ಒಪ್ಪಿದರು, ಒಪ್ಪಿ ಕಾಗದ ಕಳುಹಿಸಿದರು. ಮಗುವಿನ ಚಿತ್ರ ತೋರಿಸಬಹುದೇ, ಧ್ವನಿ ಕೇಳಿಸಬಹುದೇ, ಹೆಸರು ಹೇಳಬಹುದೇ ಎಂದು ಒಂದೊಂದಕ್ಕೂ ಬೇರೆ ಬೇರೆ ಚೌಕ, ತಂದೆತಾಯಿಯರ ರುಜು. ಎಲ್ಲವೂ ಕೈಸೇರುವಾಗ ಮಾರ್ಚ್. ಅತ್ತ ಅಕ್ಕ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಎತ್ತಿದಳು. ಚಹಾ ಬರುವುದರೊಳಗೆ ತೀರ್ಮಾನವಾಯಿತು. ‘ಒಳ್ಳೆಯದೇ ಅಲ್ಲವೇ ಟೀಚರೇ, ಮಾಡಿ.’ ಜರ್ಮನರ ಕಾಗದದ ಹುಚ್ಚಿಗೆ ನಾನು ನಕ್ಕಿದ್ದೆ. ಅಕ್ಕ ನಗಲಿಲ್ಲ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ದಿನವೂ ಮಕ್ಕಳ ಫೋಟೋ ಹಾಕುತ್ತಿದ್ದವಳು, ಈಗ ಹಾಕುವ ಮೊದಲು ಮಕ್ಕಳನ್ನೇ ಕೇಳುತ್ತಾಳಂತೆ. ಇಬ್ಬರು ಹುಡುಗಿಯರು ಬೇಡ ಎಂದಿದ್ದಾರೆ. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲೇ ಇಲ್ಲ.

ಏಪ್ರಿಲ್, ಮೇ ನಮ್ಮ ಬೇಸಿಗೆ ರಜೆಗೆ ಹೋಯಿತು, ಆಮೇಲೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಎರಡು ವಾರದ ರಜೆ. ಇಲ್ಲಿಯ ಶಾಲಾ ವರ್ಷ ಮುಗಿಯುವ ಮೊದಲು ಎರಡೂ ಶಾಲೆ ಒಟ್ಟಿಗೆ ತೆರೆದಿರುವುದು ಇನ್ನು ಜೂನ್ ನಡುವಿನಿಂದ ಜುಲೈ ಕೊನೆಯವರೆಗೆ ಮಾತ್ರ. ಮಲೆನಾಡಿನಲ್ಲಿ ಆ ಹೊತ್ತಿಗೆ ಇರುವುದು ಒಂದೇ ವಿಷಯ.

ಮೊದಲು ವಿಡಿಯೊ ಕರೆ ಮಾಡಿದೆವು. ಅದು ಎಲ್ಲರಿಗೂ ಬೇಕಾದ ತಮಾಷೆ. ಇಲ್ಲಿ ಒಂಬತ್ತೂವರೆ, ಅಲ್ಲಿ ಒಂದು ಗಂಟೆ, ಬಿಸಿಯೂಟದ ಸಮಯ. ಹತ್ತು ನಿಮಿಷದಲ್ಲಿ ಸಾಗರದ ಕಡೆ ವಿದ್ಯುತ್ ಹೋಯಿತು, ಹಿಂದೆಯೇ ನೆಟ್‌ವರ್ಕ್ ಕೂಡ. ಆದರೆ ಆ ಹತ್ತು ನಿಮಿಷದಲ್ಲಿ ಎರಡೂ ಕಡೆಯ ಮಕ್ಕಳು ಒಬ್ಬರ ಊಟವನ್ನು ಇನ್ನೊಬ್ಬರು ನೋಡಿದ್ದರು. ಇಲ್ಲಿಯವರ ಕೈಯಲ್ಲಿ ಡಬ್ಬಿಯಿಂದ ತೆಗೆದ ತಣ್ಣನೆಯ ಬ್ರೆಡ್, ಅಲ್ಲಿಯವರ ತಟ್ಟೆಯಲ್ಲಿ ಹಬೆಯಾಡುವ ಅನ್ನ, ಸಾಂಬಾರು, ಬೇಯಿಸಿದ ಮೊಟ್ಟೆ. ಮರುದಿನ ಅಕ್ಕನ ತರಗತಿಯಿಂದ ಬಂದ ಮೊದಲ ಪ್ರಶ್ನೆ: ‘ಪಾಪ, ನಿಮಗೆ ಶಾಲೆಯಲ್ಲಿ ಯಾರೂ ಅಡುಗೆ ಮಾಡಿ ಹಾಕುವುದಿಲ್ಲವೇ?’

ಈ ಪ್ರಶ್ನೆಯನ್ನು ನಾನು ಪೋಷಕರ ಸಭೆಯಲ್ಲಿ ಜರ್ಮನ್‌ನಲ್ಲಿ ಓದಿ ಹೇಳಿದೆ. ಅದೇ ಸಭೆಯಲ್ಲಿ ಒಬ್ಬ ತಾಯಿ, ಆ ಶಾಲೆಗೆ ಹಳೆಯ ಬಟ್ಟೆ, ಬಣ್ಣದ ಪೆನ್ಸಿಲ್ ಸಂಗ್ರಹಿಸಿ ಕಳುಹಿಸೋಣ ಎಂದು ಎದ್ದು ನಿಂತಿದ್ದರು. ಒಳ್ಳೆಯ ಹೆಂಗಸು, ಮನಸ್ಸು ಮೃದು. ಇಲ್ಲಿ ಮಧ್ಯಾಹ್ನದ ಊಟಕ್ಕೆ ಹೆತ್ತವರು ತಿಂಗಳು ತಿಂಗಳು ದುಡ್ಡು ಕಟ್ಟಬೇಕು, ಅಲ್ಲಿ ಸರ್ಕಾರವೇ ಬಡಿಸುತ್ತದೆ ಎಂದು ತಿಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕುಳಿತುಕೊಂಡರು. ದೇಶಾಂತರದ ಶಾಲಾ ಸ್ನೇಹಗಳು ಹಳ್ಳ ಹಿಡಿಯುವುದು ಇಂಥ ಕಡೆಯಲ್ಲೇ ಎಂದು ನನ್ನ ಅನಿಸಿಕೆ. ಒಂದು ಶಾಲೆ ಕೊಡುವ ಕೈಯಾಗಿ ಇನ್ನೊಂದು ಒಡ್ಡುವ ಕೈಯಾದರೆ ಮಕ್ಕಳಿಗೆ ಪಾಠವಾಗುವುದು ಭೂಗೋಳವಲ್ಲ, ದೊಡ್ಡಸ್ತಿಕೆ. ಅಕ್ಕನಿಗೆ ಫೋನ್ ಮಾಡಿ ಬಟ್ಟೆಯ ವಿಷಯ ಹೇಳಿದ್ದಕ್ಕೆ ಅವಳು ಅಂದದ್ದು: ‘ಪೆನ್ಸಿಲ್ ಇದೆ ಮಾರಾಯ. ಅವರ ಮಳೆ ಲೆಕ್ಕ ಕಳುಹಿಸಲು ಹೇಳು, ನಮ್ಮವರು ಕಾಯುತ್ತಿದ್ದಾರೆ.’

ವಿಡಿಯೊ ಬಿಟ್ಟು ನಾವು ಫೋಟೋ, ಧ್ವನಿ ಸಂದೇಶ, ಪಟ್ಟಿ ಕಳುಹಿಸುವ ಹಾದಿ ಹಿಡಿದೆವು. 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿಯ ಮೇಷ್ಟರು ಸೆಲೆಸ್ತಾಂ ಫ್ರೆನೆ, ದಕ್ಷಿಣದ ತಮ್ಮ ಗುಡ್ಡದೂರಿನ ಮಕ್ಕಳ ಬರಹಗಳನ್ನು ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ಕಡಲತಡಿಯ ಶಾಲೆಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಂದ ಬಂದುದನ್ನು ಪಾಠವಾಗಿಸಿದ್ದರು. ಉತ್ತರಕ್ಕೆ ಕಾಯುವುದರಲ್ಲಿ ಒಂದು ಗುಣವಿದೆ, ಯೋಚಿಸಲು ಹೊತ್ತು ಸಿಗುತ್ತದೆ. ನಮ್ಮವರಿಗೆ ಇಂಗ್ಲಿಷಿನ ಸರಿಯಾದ ಪದ ಹುಡುಕಲೂ ಹೊತ್ತು ಬೇಕಿತ್ತು. ಬವೇರಿಯಾದಲ್ಲಿ ಇಂಗ್ಲಿಷ್ ಶುರುವಾಗುವುದೇ ಮೂರನೆಯ ತರಗತಿಯಲ್ಲಿ, ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ. ಹಾಗಾಗಿ ಈ ಜೋಡಿಯಲ್ಲಿ ಇಂಗ್ಲಿಷ್ ‘ಬಲ್ಲವರು’ ಸಾಗರದವರು! ಎರಡೂ ಕಡೆ ಅದು ಪರರ ಭಾಷೆ, ತಪ್ಪಿದರೆ ನಗುವವರಿಲ್ಲ.

ಅಕ್ಕನ ಮಕ್ಕಳು ಎರಡು ಲೀಟರಿನ ಬಾಟಲಿಯ ಕತ್ತು ಕತ್ತರಿಸಿ, ಸ್ಕೇಲ್ ಅಂಟಿಸಿ ಮಳೆಮಾಪಕ ಮಾಡಿದ್ದರು. ಮೊದಲ ದಿನದ ಅಂಕಿ 190 ಮಿ.ಮೀ. ಆ ವಾರ ಮ್ಯೂನಿಕ್‌ನ ಒಟ್ಟು ಅಂಕಿ 3. ಇಲ್ಲಿಯ ಮಕ್ಕಳು ನಂಬಲಿಲ್ಲ. ‘ಬಾಟಲಿ ಎಲ್ಲಿಟ್ಟಿದ್ದೀರಿ, ಫೋಟೋ ಕಳುಹಿಸಿ’ ಎಂದರು. ಅಲ್ಲಿಯವರಿಗೆ ಸಿಟ್ಟು ಬಂತು, ಆದರೂ ಕಳುಹಿಸಿದರು. ಬಾಟಲಿ ಸೂರಿನ ಕೆಳಗಿತ್ತು, ಹಂಚಿನ ನೀರೆಲ್ಲ ಅದಕ್ಕೇ ಬೀಳುತ್ತಿತ್ತು. ಬಯಲಿಗೆ ಒಯ್ದಿಟ್ಟು, ಗ್ರಾಮ ಪಂಚಾಯಿತಿಯ ಮಳೆಮಾಪಕದ ಲೆಕ್ಕದೊಂದಿಗೆ ತಾಳೆ ನೋಡಿ, ಮತ್ತೆ ಬರೆದರು: 104. ಮ್ಯೂನಿಕ್‌ನಲ್ಲಿ ವರ್ಷವಿಡೀ ಬೀಳುವುದೇ ಸುಮಾರು 1000 ಮಿ.ಮೀ. ಆಗುಂಬೆಯಲ್ಲಿ 7000 ದಾಟುತ್ತದೆ ಎಂದು ಅಕ್ಕನ ಮಕ್ಕಳು ಮೆಲ್ಲಗೆ ಒಂದು ಸಾಲು ಸೇರಿಸಿದ್ದರು.

ಆಮೇಲೆ ಒಬ್ಬ ಹುಡುಗ ತನ್ನ ಅಜ್ಜನ ಮಳೆ ಪುಸ್ತಕ ತಂದ. ಅಡಿಕೆ ತೋಟದ ಅಜ್ಜ, ದಿನದಿನದ ಮಳೆ ಬರೆದಿಟ್ಟವರು: ‘ಪುನರ್ವಸು, 2 ಇಂಚು 40 ಸೆಂಟ್.’ ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಪಾಲು. ಅದನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುವುದು ಐದನೆಯ ತರಗತಿಗೆ ಒಂದು ವಾರದ ಗಣಿತವಾಯಿತು. ಇಲ್ಲಿಯ ಮಕ್ಕಳಿಗೆ ಇಂಚು ಗೊತ್ತಿರುವುದು ಟಿವಿಯಿಂದ ಮಾತ್ರ. ‘ಟಿವಿಯ ಅಳತೆಯಲ್ಲಿ ಮಳೆ ಅಳೆಯುತ್ತೀರಾ?’ ಎಂದು ಬಿದ್ದು ಬಿದ್ದು ನಕ್ಕರು. ಪುನರ್ವಸು ಎಂದರೆ ಏನು ಎಂದೂ ಕೇಳಿದರು. ಮಳೆಗೂ ಹೆಸರಿದೆಯೇ?

ಇದೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯನ್ನು ಜರ್ಮನ್‌ಗೆ ತರಲು ನಾನು ಪಟ್ಟ ಪಾಡು ಬೇರೆ ಕಥೆ. ಆಗ ಮಗಳ ಶಿಕ್ಷಕಿ ಹೇಳಿದರು: ಇಲ್ಲಿಯೂ ಹವೆಗೆ ಹೆಸರಿಡುತ್ತಾರೆ. ಬರ್ಲಿನ್‌ನ ಫ್ರೀ ವಿಶ್ವವಿದ್ಯಾಲಯ 1954ರಿಂದ ವಾಯುಭಾರದ ಏರಿಳಿತಗಳಿಗೆ ಮನುಷ್ಯರ ಹೆಸರು ಕೊಡುತ್ತಿದೆ, 2002ರಿಂದ ದುಡ್ಡು ತೆತ್ತರೆ ನಿಮ್ಮ ಹೆಸರನ್ನೂ ಇಡುತ್ತಾರೆ. ಇದನ್ನು ಕೇಳಿ ಸಾಗರದಿಂದ ಬಂದ ಪ್ರಶ್ನೆ ಹೀಗಿತ್ತು: ‘ದುಡ್ಡು ಕೊಟ್ಟವರ ಮಳೆ ಬರದಿದ್ದರೆ ವಾಪಸು ಕೊಡುತ್ತಾರೆಯೇ?’ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ.

ನನ್ನ ಮಗಳು ಸಾಗರಕ್ಕೆ ನಾಲ್ಕು ಸಲ ಹೋಗಿ ಬಂದಿದ್ದಾಳೆ. ಅತ್ತೆಯ ಮನೆಯ ಮಳೆ ಅವಳಿಗೆ ಬರಿಯ ಕೆಸರಾಗಿತ್ತು. ಗೆಳತಿಯರಿಗೆ ವಿವರಿಸಬೇಕಾಗಿ ಬಂದ ಮೇಲೆ ಅದು ಅವಳ ಮಳೆಯಾಯಿತು. ಅಡಿಕೆ ಅಜ್ಜನ ಮೊಮ್ಮಗನಿಗೂ ಹೀಗೇ ಆಗಿರಬೇಕು. ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಪುಸ್ತಕವನ್ನು ಅವನು ಮೊದಲು ಬಿಡಿಸಿದ್ದು ಪರದೇಶದವರು ಕೇಳಿದ್ದರಿಂದ.

ಈ ವರ್ಷವೂ ಅಳೆಯುತ್ತಿದ್ದಾರೆ, ಒಂದು ಪಂದ್ಯದೊಂದಿಗೆ. ಜೂನ್ 27 ಜರ್ಮನರಿಗೆ ‘ಏಳು ನಿದ್ರಾಳುಗಳ ದಿನ’. ಆ ದಿನದ ಹವೆಯೇ ಏಳು ವಾರ ನಿಲ್ಲುತ್ತದೆ ಎಂಬುದು ಇಲ್ಲಿಯ ರೈತರ ನಂಬಿಕೆ. ನಮ್ಮಲ್ಲಿ ಅದು ಆರಿದ್ರಾ ಮಳೆಯ ಕಾಲ. ಅಜ್ಜನ ಪುಸ್ತಕವೋ, ಜರ್ಮನ್ ರೈತನೋ, ಯಾರ ಮಾತು ನಿಲ್ಲುತ್ತದೆ ನೋಡಬೇಕೆಂದು ಮಕ್ಕಳು ಕುಳಿತಿದ್ದಾರೆ. ಆ ದಿನ ಮ್ಯೂನಿಕ್‌ನಲ್ಲಿ ಒಂದು ಹನಿಯೂ ಇರಲಿಲ್ಲ. ಅಕ್ಕನ ಸಂದೇಶ ಮಧ್ಯಾಹ್ನ ಬಂತು: ‘64. ಬಾಟಲಿ ಬಯಲಿನಲ್ಲೇ ಇದೆ, ಫೋಟೋ ಹಾಕಿದ್ದೇನೆ. ನಾಳೆ ರಜೆ.’